ಬಿಯರ್ ಮಾಡುವವರ ಸಾಫ್ಟ್‌ವೇರ್‌ನಲ್ಲಿ ಕಾಕವಿಯ ಲೆಕ್ಕ: ನನ್ನ ಅನುಭವ

ಕಬ್ಬಿನ ಹಾಲು ಕಾಸಿ ಕಾಕವಿ, ಅಂದರೆ ದ್ರವ ಬೆಲ್ಲ, ಮಾಡುವವನು ನಾನು. ಈ ಹಂಗಾಮಿನ ಕೊನೆಯ 30 ಕೊಪ್ಪರಿಗೆಗಳಲ್ಲಿ ಒಂದೂ ನನ್ನ ಅಂದಾಜಿಗಿಂತ 4 ಕೆಜಿ ಆಚೀಚೆ ಹೋಗಲಿಲ್ಲ. ಒಲೆಗೆ ಉರಿ ಹಾಕುವ ಮೊದಲೇ, ಇವತ್ತು ಇಷ್ಟು ಕೆಜಿ ಕಾಕವಿ ಇಳಿಯುತ್ತದೆ ಅಂತ ಗಾಣದಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಸಂಜೆ ತೂಕ ಹಾಕಿದರೆ ಹೆಚ್ಚುಕಮ್ಮಿ ಅದೇ ಬರುತ್ತದೆ. ಮೂರು ವರ್ಷದ ಹಿಂದೆ ಈ ಕೆಲಸ ಶುರು ಮಾಡಿದಾಗ ಮುಧೋಳದಿಂದ ಮಹಾಲಿಂಗಪುರದವರೆಗಿನ ನನ್ನ ಗಾಣದ ಗೆಳೆಯರೆಲ್ಲ ನಕ್ಕರು. "ಮೊಬೈಲ್ ನೋಡಿ ಪಾಕ ಇಳಸ್ತೀರೇನ್ರೀ?" ಅಂದರು. ಅವರಲ್ಲಿ ಇಬ್ಬರು ಹೋದ ತಿಂಗಳು ಬಂದು ತಮ್ಮ ಕೊಪ್ಪರಿಗೆಗೂ ಅಳತೆಕೋಲು ಮಾಡಿಸಿಕೊಂಡು ಹೋದರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಸಾಫ್ಟ್‌ವೇರ್ ನಮ್ಮದಲ್ಲ. ಮನೆಯಲ್ಲಿ ಬಿಯರ್ ಮಾಡುವವರಿಗಾಗಿ ಬರೆದದ್ದು. ನನ್ನ ಅಕ್ಕನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ನಮ್ಮಲ್ಲಿ ಅದಕ್ಕೆಲ್ಲ ಲೈಸೆನ್ಸ್ ಬೇಕು, ನನಗೆ ಅದರ ಗೊಡವೆಯೂ ಇಲ್ಲ. ದೀಪಾವಳಿಗೆ ಬಂದಾಗ ಅವನು ಗಾಣದಲ್ಲಿ ಕೂತು ನೋಡುತ್ತಿದ್ದ. "ಮಾಮಾ, ನೀವು ಮಾಡೋದೂ ಅದೇ ಅಲ್ವಾ? ಸಿಹಿನೀರು ಎಷ್ಟಿದೆ, ಎಷ್ಟು ಸಾಂದ್ರವಿದೆ, ಎಷ್ಟು ಆವಿಯಾದ ಮೇಲೆ ಎಷ್ಟು ಉಳಿಯುತ್ತದೆ" ಅಂದ. ಅವನ ಲೆಕ್ಕ 25 ಲೀಟರಿನದು, ನನ್ನದು 850 ಲೀಟರಿನದು. ಮೊಬೈಲಿಗೆ ಹಾಕಿಕೊಟ್ಟ, ವರ್ಷದ ಫೀಸನ್ನೂ ಅವನೇ ಕಟ್ಟಿದ. ಬಿಯರ್ ಮಾಡುವ ಬಾರ್ಲಿ ಕಾಳಿನ ಜಾಗದಲ್ಲಿ ಸೊನ್ನೆ ಹಾಕಿದರೆ ಸಾಕು, ಉಳಿದದ್ದೆಲ್ಲ ನಮಗೂ ಹೊಂದುತ್ತದೆ.

ಮೊದಲ ವರ್ಷ ಪೂರ್ತಿ ಎಡವಟ್ಟಾಯಿತು.

ಕೊಪ್ಪರಿಗೆಯಲ್ಲಿ 900 ಲೀಟರ್ ಕಬ್ಬಿನ ಹಾಲು, ಬ್ರಿಕ್ಸ್ (100 ಗ್ರಾಂ ಹಾಲಿನಲ್ಲಿ ಕರಗಿದ ಗಟ್ಟಿ ಅಂಶ ಎಷ್ಟು ಗ್ರಾಂ ಅನ್ನುವ ಅಳತೆ) 20 ಅಂತ ಹಾಕಿದೆ. ಸಾಫ್ಟ್‌ವೇರ್ ಹೇಳಿದ್ದು ಸುಮಾರು 275 ಕೆಜಿ ಕಾಕವಿ. ತಕ್ಕಡಿಯಲ್ಲಿ ಬಂದದ್ದು 225. ಒಂದು ದಿನವಲ್ಲ, ದಿನಾ ಹೀಗೇ. 50 ಕೆಜಿ ಅಂದರೆ ಆಗಿನ ಸಗಟು ದರದಲ್ಲಿ, ಕೆಜಿಗೆ 80 ಅಂತ ಹಿಡಿದರೂ, ಕೊಪ್ಪರಿಗೆಗೆ 4,000 ರೂಪಾಯಿ. ಅಷ್ಟು ಎಲ್ಲಿ ಹೋಗುತ್ತಿದೆ? ಬಾಟಲಿ ತುಂಬುವ ಹುಡುಗನ ಮೇಲೆ ಸಂಶಯ ಬಂತು. ಎರಡು ಮಾತು ಖಾರವಾಗಿಯೇ ಅಂದೆ. ಅವನು ಒಂದು ವಾರ ಕೆಲಸಕ್ಕೆ ಬರಲಿಲ್ಲ. ಆಮೇಲೆ ಲೆಕ್ಕ ಬಿಡಿಸಿದಾಗ ಗೊತ್ತಾಯಿತು, ಒಂದು ತೊಟ್ಟೂ ಎಲ್ಲೂ ಹೋಗಿರಲಿಲ್ಲ. ಆ 50 ಕೆಜಿ ಮೊದಲಿಂದಲೂ ಇರಲೇ ಇಲ್ಲ. ಅವನ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಕರೆದುಕೊಂಡು ಬಂದೆ. ಈಗಲೂ ನನ್ನಲ್ಲೇ ಇದ್ದಾನೆ.

ಆ 50 ಕೆಜಿ ನಾಲ್ಕು ಕಡೆ ಹಂಚಿಹೋಗಿತ್ತು. ಒಂದೊಂದನ್ನೂ ಹಿಡಿಯಲು ಒಂದೂವರೆ ಹಂಗಾಮು ಬೇಕಾಯಿತು.

ಮೊದಲನೆಯದು ಕೊಪ್ಪರಿಗೆ. ನನ್ನದು 270 ಸೆಂ.ಮೀ., ಅಂದರೆ 9 ಅಡಿಗೆ ತುಸು ಕಮ್ಮಿ ಅಗಲದ್ದು. ಶಾಲೆಯಲ್ಲಿ ಕಲಿತ ಸೂತ್ರ ಹಾಕಿ, ಒಂದು ಸೆಂ.ಮೀ. ಆಳಕ್ಕೆ 57 ಲೀಟರ್ ಅಂತ ಹಿಡಿದಿದ್ದೆ. ಸೂತ್ರ ಸರಿಯೇ. ಆದರೆ ಕೊಪ್ಪರಿಗೆ ಸೂತ್ರದ ಹಾಗೆ ಇರಲಿಲ್ಲ. ಹತ್ತು ವರ್ಷ ಉರಿಯ ಮೇಲೆ ಕೂತ ತಗಡು ನಡುವೆ ಹೊಟ್ಟೆ ಬಿಟ್ಟಿರುತ್ತದೆ. ಜೊತೆಗೆ ಒಲೆಯ ಬಾಯಿ ಕಡೆ ಇಟ್ಟಿಗೆ ಕುಸಿದು ಕೊಪ್ಪರಿಗೆ ಓರೆಯಾಗಿತ್ತು. ಈ ಅಂಚಿಗೂ ಆ ಅಂಚಿಗೂ 4 ಸೆಂ.ಮೀ. ಫರಕು. ನಾನು ಕೋಲು ಇಳಿಸುತ್ತಿದ್ದದ್ದು ನಿಲ್ಲಲು ಅನುಕೂಲವಾದ ತಗ್ಗಿನ ಕಡೆಯೇ! ಅಲ್ಲಿ ಆಳ 2 ಸೆಂ.ಮೀ. ಜಾಸ್ತಿ ತೋರುತ್ತಿತ್ತು, ಅಂದರೆ 114 ಲೀಟರ್ ಸುಳ್ಳು ಹಾಲು. ಹೊಟ್ಟೆಯಲ್ಲಿ ಲೆಕ್ಕಕ್ಕೆ ಸಿಗದೆ ಕೂರುತ್ತಿದ್ದದ್ದು 60 ಲೀಟರ್. ಒಂದರಲ್ಲಿ ಒಂದು ಕಳೆದು 900 ಅಂದುಕೊಂಡದ್ದು ನಿಜವಾಗಿ 850ರ ಆಸುಪಾಸು.

ಇದನ್ನು ಕಂಡುಹಿಡಿಯಲು ಒಂದೇ ದಾರಿ. ಒಲೆ ಆರಿದ್ದಾಗ ನೀರು ಅಳೆದು ಸುರಿಯಬೇಕು. 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ತಗೊಂಡೆ. ಆದರೆ ಕ್ಯಾನನ್ನೂ ನಂಬಬೇಡಿ. ಬಾಯಿತನಕ ತುಂಬಿ ತೂಕ ಹಾಕಿದರೆ ಕ್ಯಾನಿನ ತೂಕ ಕಳೆದು 20 ಕೆಜಿಗಿಂತ ಅರ್ಧ ಕೆಜಿ ಜಾಸ್ತಿ ಬಂತು. 20 ಕೆಜಿ ಬರುವಲ್ಲಿ ಬಣ್ಣದಿಂದ ಗೆರೆ ಹಾಕಿದೆ. ಆಮೇಲೆ ಒಂದೊಂದೇ ಕ್ಯಾನ್. ಮೊದಲ ಮೂರು ಕ್ಯಾನ್ ನೀರು ಹೊಟ್ಟೆಯಲ್ಲೇ ನಿಂತಿತು, ಅಂಚು ಒಣಗಿಯೇ ಇತ್ತು. ಪ್ರತಿ ಎರಡು ಕ್ಯಾನಿಗೆ ಕೋಲಿನ ಮೇಲೆ ಒಂದು ಗುರುತು. ಮೂವರು ಸೇರಿ ಬೆಳಿಗ್ಗೆ 7ಕ್ಕೆ ಶುರು ಮಾಡಿ 10 ಗಂಟೆಗೆ ಮುಗಿಸಿದೆವು. ಬಿದಿರಿನ ಕೋಲು ನೀರು ಹೀರಿ ಗುರುತು ಕಾಣದಂತಾಗುತ್ತದೆ. ನಾನು ಸ್ಟೀಲ್ ಪಟ್ಟಿಗೆ ಗ್ರೈಂಡರ್‌ನಲ್ಲಿ ಕಚ್ಚು ಹಾಕಿಸಿದೆ. ವೆಲ್ಡಿಂಗ್ ಅಂಗಡಿಯವನು 350 ತಗೊಂಡ ಅಂತ ನೆನಪು. ಕೋಲು ಇಳಿಸುವ ಜಾಗವೂ ಒಂದೇ ಇರಬೇಕು, ನಟ್ಟನಡುವೆ. ಅದಕ್ಕೆ ಮೇಲೆ ಅಡ್ಡಪಟ್ಟಿ ಹಾಕಿ, ಅದರಲ್ಲಿ ತೂತು ಕೊರೆಸಿದ್ದೇನೆ. ಕೋಲು ಆ ತೂತಿನಲ್ಲೇ ಇಳಿಯಬೇಕು, ಬೇರೆಲ್ಲೂ ಅಲ್ಲ.

ಇನ್ನೊಂದು ಮಾತು. ಕೋಲನ್ನು ತಣ್ಣಗಿನ ಹಾಲಿಗೇ ಇಳಿಸಿ. ಒಮ್ಮೆ ಕುದಿ ಬರುವ ಹೊತ್ತಿಗೆ ಅಳೆದೆ, 35 ಲೀಟರ್ ಜಾಸ್ತಿ ಬಂತು. ನೀರು ಎಲ್ಲಿಂದ ಸೇರಿತು ಅಂತ ಪೈಪೆಲ್ಲ ತಡಕಿದೆ. ನೀರು ಸೇರಿರಲಿಲ್ಲ. ಕುದಿಯುವಷ್ಟು ಬಿಸಿಯಾದರೆ ನೀರು ಶೇ. 4ರಷ್ಟು ಹಿಗ್ಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಆ 4 ಮೊದಲಿಂದಲೂ ಇತ್ತು, ನಾನೇ ಆ ಸಾಲನ್ನು ಓದಿರಲಿಲ್ಲ.

ಎರಡನೆಯದು ಬ್ರಿಕ್ಸ್. ಇದು ನನ್ನನ್ನು ಬಹಳ ಕಾಡಿತು. ಹಾಲಿನಲ್ಲಿ ತೇಲಿಬಿಟ್ಟು ಓದುವ ಹೈಡ್ರೋಮೀಟರ್ ಮತ್ತು ಗಾಜಿನ ಮೇಲೆ ಹನಿ ಹಾಕಿ ಓದುವ ರಿಫ್ರ್ಯಾಕ್ಟೋಮೀಟರ್ ಎರಡೂ ಇದ್ದವು. ಒಂದೇ ಮಗ್ಗಿನ ಹಾಲಿಗೆ ಸಾಫ್ಟ್‌ವೇರ್ ಒಂದರ ಲೆಕ್ಕದಲ್ಲಿ 20 ಅನ್ನುತ್ತಿತ್ತು, ಇನ್ನೊಂದರ ಲೆಕ್ಕದಲ್ಲಿ 18.75 ಅನ್ನುತ್ತಿತ್ತು. ಯಾವುದು ನಿಜ? ಎರಡೂ ಅಲ್ಲ.

ನಮ್ಮ ದೇಶದ ಸಕ್ಕರೆ ಕಾರ್ಖಾನೆಗಳಿಗೆ ಅಂತ ತಯಾರಾಗುವ ಎಷ್ಟೋ ಬ್ರಿಕ್ಸ್ ಹೈಡ್ರೋಮೀಟರ್‌ಗಳ ಗುರುತು 27.5 ಡಿಗ್ರಿಗೆ ಹೊಂದಿಸಿದ್ದು. ನಮ್ಮ ಹವೆಗೆ ಅದೇ ಸರಿ. ಬಿಯರ್‌ನವರ ಸಾಫ್ಟ್‌ವೇರ್ ಮಾತ್ರ 20 ಡಿಗ್ರಿಯದು ಅಂತಲೇ ತಿಳಿದುಕೊಂಡು, 30 ಡಿಗ್ರಿಯ ಹಾಲಿಗೆ ಮುಕ್ಕಾಲು ಬ್ರಿಕ್ಸ್‌ನಷ್ಟು ಕೂಡಿಸಿಬಿಡುತ್ತಿತ್ತು. ಕೂಡಿಸಬೇಕಾದದ್ದು ಅದರ ಕಾಲು ಭಾಗ. ಅರ್ಧ ಬ್ರಿಕ್ಸ್ ಸುಮ್ನೆ ಏರಿತು. ಗಾಜಿನ ಕೊಳವೆಯೊಳಗಿನ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ 27.5 ಅಂತ ಬರೆದೇ ಇರುತ್ತದೆ. ನಿಮ್ಮದನ್ನೂ ಬೆಳಕಿಗೆ ಹಿಡಿದು ನೋಡಿ. ಸಾಫ್ಟ್‌ವೇರ್‌ನಲ್ಲಿ ಆ ಡಿಗ್ರಿ ಬದಲಿಸುವ ಜಾಗವಿದೆ.

ರಿಫ್ರ್ಯಾಕ್ಟೋಮೀಟರ್‌ನ ಕಥೆ ಉಲ್ಟಾ. ಬಾರ್ಲಿ ಕಾಳಿನ ಸಿಹಿನೀರಿನಲ್ಲಿ ಬೇರೆ ಬೇರೆ ಬಗೆಯ ಸಕ್ಕರೆ ಇರುತ್ತದೆ. ಅದಕ್ಕೆ ಅವರು ಓದಿದ ಸಂಖ್ಯೆಯನ್ನು 1.04ರಿಂದ ಭಾಗಿಸುತ್ತಾರೆ. ಕಬ್ಬಿನ ಹಾಲಿಗೆ ಅದು ಬೇಡ. ಅಲ್ಲಿ 1.00 ಅಂತ ಹಾಕಿದ ಕೂಡಲೇ ಎರಡೂ ಮೀಟರ್ 19.5ಕ್ಕೆ ಬಂದು ಕೂತವು. ಅವತ್ತು ರಾತ್ರಿ 11 ಗಂಟೆ. ಅಳಿಯನಿಗೆ ಫೋನ್ ಹಚ್ಚಿ ಹೇಳಿದೆ. ಖುಷಿ ತಡೆಯಲಾಗಲಿಲ್ಲ.

ಆದರೂ ಕೆಲಸ ಮುಗಿದಿರಲಿಲ್ಲ. ನಾನು ಮಗ್ಗು ಹಿಡಿಯುತ್ತಿದ್ದದ್ದು ಗಾಣದ ಬಾಯಲ್ಲಿ. ಗಾಣಕ್ಕೆ ಕಬ್ಬು ಕೊಡುವವನು ಶುರುವಿಗೆ ರೋಲರ್ ತೊಳೆಯುತ್ತಾನೆ, ನಡುನಡುವೆ ನೀರು ಚಿಮುಕಿಸುತ್ತಾನೆ. ಆ ನೀರೆಲ್ಲ ಹಾಲು ಕೂಡುವ ತೊಟ್ಟಿಗೇ ಬರುತ್ತದೆ. ಒಂದು ದಿನ ಅವನ ನೀರಿನ ಕೊಡಗಳನ್ನು ಎಣಿಸಿದೆ, 25 ಲೀಟರ್ ಹತ್ತಿರ ಆಯಿತು. ಅಂದರೆ ಇನ್ನರ್ಧ ಬ್ರಿಕ್ಸ್ ಖೋತಾ. ತೊಟ್ಟಿಯನ್ನು ಹುಟ್ಟುಗೋಲಿನಿಂದ ಚೆನ್ನಾಗಿ ಕಲಕಿ, 20 ನಿಮಿಷ ಮಡ್ಡಿ ಕೂರಲು ಬಿಟ್ಟು, ನಡುವಿನ ಆಳದಿಂದ ಹಾಲು ತೆಗೆದು ಬಟ್ಟೆಯಲ್ಲಿ ಸೋಸಿ ನೋಡಿದರೆ 19. ನೊರೆ ಇರುವಾಗ ಹೈಡ್ರೋಮೀಟರ್ ಬಿಡಲೇಬೇಡಿ, ಗಾಳಿಗುಳ್ಳೆ ಅಂಟಿಕೊಂಡರೆ ಅದು ಎಷ್ಟು ಬೇಕಾದರೂ ಹೇಳುತ್ತದೆ. ಈ ಕೆಲಸದಲ್ಲಿ ಮೂರು ಹೈಡ್ರೋಮೀಟರ್ ಒಡೆದಿದ್ದೇನೆ, ಒಂದಕ್ಕೆ 500ರ ಆಸುಪಾಸು. ಈಗ ಹಾಲಿಗೆ ರಿಫ್ರ್ಯಾಕ್ಟೋಮೀಟರ್ ಮಾತ್ರ. ಹೈಡ್ರೋಮೀಟರ್ ವಾರಕ್ಕೊಮ್ಮೆ ತಾಳೆ ನೋಡಲು.

ತೊಟ್ಟಿಯ ನಲ್ಲಿಯ ಕೆಳಗೆ ಉಳಿದುಬಿಡುವ ಹಾಲನ್ನೂ ಬಿಯರ್‌ನವರು ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನ ತೊಟ್ಟಿಯಲ್ಲಿ ಅದು 35 ಲೀಟರ್. ನಾನು ಕೊಪ್ಪರಿಗೆಯಲ್ಲೇ ಅಳೆಯುವುದರಿಂದ ಅದರ ತಂಟೆ ಇಲ್ಲ. ತೊಟ್ಟಿಯಲ್ಲೇ ಅಳೆಯುವವರು ನೋಡಿಕೊಳ್ಳಿ.

ಮೂರನೆಯದು ಕೊಳೆ ನೊರೆ. ಬೆಂಡೆಯ ಲೋಳೆ ಹಾಕಿದ ಮೇಲೆ ತೆಗೆಯುವ ನೊರೆಯ ಜೊತೆಗೆ ಸಿಹಿಯೂ ಹೋಗುತ್ತದೆ. ಎಷ್ಟು ಹೋಗುತ್ತದೆ ಅಂತ ಯಾರಾದರೂ ತೂಗಿದ್ದೀರಾ? ನಾನು ಹತ್ತು ಕೊಪ್ಪರಿಗೆ ತೂಗಿದೆ. ನೊರೆ, ಬಟ್ಟೆ, ಕೊಪ್ಪರಿಗೆಗೆ ಅಂಟಿದ್ದು ಎಲ್ಲ ಸೇರಿ ಶೇ. 4ರಿಂದ 5. ನಾನು ನಾಲ್ಕೂವರೆ ಅಂತ ಇಟ್ಟುಕೊಂಡಿದ್ದೇನೆ. ಲೋಳೆಯನ್ನು ಯಾವಾಗ, ಎಷ್ಟು ಸಲ ಹಾಕುತ್ತೇನೆ, ಅದರ ಜೊತೆ ಇನ್ನೇನು ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಅಪ್ಪನಿಂದ ಬಂದದ್ದು, ನನ್ನ ಹತ್ತಿರವೇ ಇರಲಿ. ಬೆಲ್ಲದ ಬಣ್ಣ ತಿಳಿ ಮಾಡುವ ರಾಸಾಯನಿಕ ಹೈಡ್ರೋಸ್ ಮಾತ್ರ ಮುಟ್ಟುವುದಿಲ್ಲ, ಅದನ್ನು ಎದೆ ತಟ್ಟಿ ಹೇಳುತ್ತೇನೆ.

ನಾಲ್ಕನೆಯದನ್ನು ಅಳಿಯನೂ ಮೊದಲು ಒಪ್ಪಲಿಲ್ಲ. ಮೂರು ತಪ್ಪು ತಿದ್ದಿದ ಮೇಲೂ ಸಾಫ್ಟ್‌ವೇರ್ 10 ಕೆಜಿ ಜಾಸ್ತಿಯೇ ಹೇಳುತ್ತಿತ್ತು. ಬಿಯರ್‌ನವರ ಲೆಕ್ಕ ನಡೆಯುವುದು ಗ್ರ್ಯಾವಿಟಿಯ ಪಾಯಿಂಟ್‌ಗಳಲ್ಲಿ. 19 ಬ್ರಿಕ್ಸ್ ಹಾಲಿನ ಗ್ರ್ಯಾವಿಟಿ, ಅಂದರೆ ಅಷ್ಟೇ ನೀರಿನ ಎಷ್ಟು ಪಟ್ಟು ಭಾರ ಅನ್ನುವುದು, 1.0786. ಅದರಲ್ಲಿ 1 ಕಳೆದು ಸಾವಿರದಿಂದ ಗುಣಿಸಿದರೆ 78.6 ಪಾಯಿಂಟ್. ಲೀಟರಿನಿಂದ ಗುಣಿಸಿ, ಕೊನೆಯ ಪಾಯಿಂಟ್‌ನಿಂದ ಭಾಗಿಸಿದರೆ ಉಳಿಯುವ ಲೀಟರ್ ಸಿಗುತ್ತದೆ. ಬಿಯರ್‌ಗೆ ಇದು ಸಾಕು, ಅವರದು 1.100 ದಾಟುವುದೇ ಅಪರೂಪ. ನಮ್ಮ ಕಾಕವಿ 74 ಬ್ರಿಕ್ಸ್, ಗ್ರ್ಯಾವಿಟಿ 1.375ರ ಹತ್ತಿರ. ಅಷ್ಟು ಮೇಲೆ ಹೋದರೆ ಪಾಯಿಂಟ್ ಲೆಕ್ಕ ಜಾರುತ್ತದೆ. 850 ಲೀಟರಿಗೆ ಅದು 178 ಲೀಟರ್ ಅನ್ನುತ್ತದೆ. ತೂಕದ ಲೆಕ್ಕ ಹಿಡಿದರೆ 171. ಆ 7 ಲೀಟರೇ ನನ್ನ 10 ಕೆಜಿ. ಇದನ್ನು ನಾನೇ ಹಾಳೆಯ ಮೇಲೆ ಬಿಡಿಸಿ ಕಳಿಸಿದೆ. ಎರಡು ದಿನ ಬಿಟ್ಟು ಅಳಿಯ ಫೋನ್ ಮಾಡಿ, "ಮಾಮಾ, ನೀವೇ ಸರಿ" ಅಂದ. ಹತ್ತನೇ ಕ್ಲಾಸ್ ಓದಿದವನು ನಾನು.

ಹಾಗಾಗಿ ಕೊನೆಯ ಲೆಕ್ಕ ಮೊಬೈಲಿನ ಇನ್ನೊಂದು ಹಾಳೆಯಲ್ಲಿ ಮಾಡುತ್ತೇನೆ. ಲೀಟರ್ ಗುಣಿಸು ಗ್ರ್ಯಾವಿಟಿ ಗುಣಿಸು ಬ್ರಿಕ್ಸ್, ಭಾಗಿಸು 100. 850, 1.0786, 19 ಹಾಕಿದರೆ 174 ಕೆಜಿ ಗಟ್ಟಿ ಅಂಶ. ನಾಲ್ಕೂವರೆ ಪರ್ಸೆಂಟ್ ಕಳೆದರೆ 166. ಅದನ್ನು 0.74ರಿಂದ ಭಾಗಿಸಿದರೆ 225 ಕೆಜಿ. ತಕ್ಕಡಿ ಮೊದಲಿಂದಲೂ ಹೇಳುತ್ತಿದ್ದದ್ದು ಇದನ್ನೇ ಅಲ್ವಾ? ಉಷ್ಣತೆಯ ತಿದ್ದುಪಡಿ, ಆವಿಯ ವೇಗ, ದಿನದಿನದ ದಾಖಲೆ, ಇದಕ್ಕೆಲ್ಲ ಈಗಲೂ ಸಾಫ್ಟ್‌ವೇರ್ ಬೇಕು. ಆವಿ ನನ್ನ ಒಲೆಯಲ್ಲಿ ಗಂಟೆಗೆ 300 ಲೀಟರ್. ಉರಿಗೆ ಹಾಕುವ ಕಬ್ಬಿನ ಸಿಪ್ಪೆ ಹಸಿ ಇದ್ದರೆ 240ಕ್ಕೆ ಇಳಿಯುತ್ತದೆ. ಅದಕ್ಕೇ ಪಾಕ ಇಳಿಸುವ ಹೊತ್ತನ್ನು ಗಡಿಯಾರದಿಂದ ಹೇಳಲು ಆಗುವುದಿಲ್ಲ. ಮೀಟರ್ ಹಿಡಿಯಲು ಯಾವಾಗ ಶುರು ಮಾಡಬೇಕು ಅನ್ನುವುದಷ್ಟೇ ಗೊತ್ತಾಗುತ್ತದೆ.

ಈಗ ಪಾಕ ಇಳಿಸುವ ವಿಷಯ. ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ 240 ಬಾಟಲಿ ಕಳಿಸಿದ್ದೆ. ಆ ಊರಿನ ಬಿಸಿಲು ನಿಮಗೆ ಗೊತ್ತು. ಮೂರು ವಾರದಲ್ಲಿ ಮುಚ್ಚಳ ಉಬ್ಬಿ, ಕೆಲವು ಸೋರಿ, ಅಂಗಡಿಯವರು ಪೂರ್ತಿ ವಾಪಸ್ ಕಳಿಸಿದರು. ಹೋಗಿ ಬರುವ ಬಾಡಿಗೆ ಸೇರಿ 25,000 ಹತ್ತಿರ ಕೈಬಿಟ್ಟಿತು. ಉಳಿದ ಬಾಟಲಿ ಅಳೆದು ನೋಡಿದರೆ ಬ್ರಿಕ್ಸ್ 68. ಅಷ್ಟು ತೆಳುವಿದ್ದರೆ ಹುಳಿ ಬರದೆ ಇರುತ್ತದೆಯೇ? ಹೆದರಿ ಮುಂದಿನ ಹಂಗಾಮಿನಲ್ಲಿ ಗಟ್ಟಿ ಮಾಡಿದೆ, 78ರವರೆಗೆ ಹೋಯಿತು. ಡಿಸೆಂಬರ್ ಚಳಿಯಲ್ಲಿ ಬೆಳಗಾವಿಯ ಅಂಗಡಿಯಿಂದ ಫೋನ್ ಬಂತು, ಬಾಟಲಿ ತಳದಲ್ಲಿ ಹರಳು ಕಟ್ಟಿದೆ ಅಂತ. ಗಿರಾಕಿಗಳು ಸಕ್ಕರೆ ಬೆರೆಸಿದ್ದೀರಿ ಅಂದರಂತೆ. ಆ ಮಾತು ಬಹಳ ನೋಯಿಸಿತು. ಆಮೇಲೆ 73ರಿಂದ 74ಕ್ಕೆ ನಿಲ್ಲಿಸಿದೆ. ಸಿಟ್ರಿಕ್ ಆಮ್ಲ ಚಿಟಿಕೆ ಹಾಕುವುದು ಎಲ್ಲರಿಗೂ ಗೊತ್ತಿದೆ, ನಾನೂ ಹಾಕುತ್ತೇನೆ. ಬಾಟಲಿಯನ್ನು ಎಷ್ಟು ಬಿಸಿಯಿರುವಾಗ ತುಂಬುತ್ತೇನೆ ಅನ್ನುವುದನ್ನು ಕೇಳಬೇಡಿ.

ಬಿಸಿ ಪಾಕದ ಬ್ರಿಕ್ಸ್ ನೋಡುವುದು ಸುಲಭವಲ್ಲ. 90ರವರೆಗೆ ಓದುವ ರಿಫ್ರ್ಯಾಕ್ಟೋಮೀಟರ್ 2,800 ಕೊಟ್ಟು ತಂದೆ. ಕುದಿಯುವ ಪಾಕದ ಹನಿ ಹಾಕಿದರೆ ಗಾಜಿನ ಮೇಲೆಯೇ ನೀರು ಆರಿ ಸಂಖ್ಯೆ ಏರುತ್ತದೆ, ಮೀಟರಿನ ಉಷ್ಣತೆಯ ತಿದ್ದುಪಡಿಯೂ 30 ಡಿಗ್ರಿ ದಾಟಿದರೆ ಕೆಲಸ ಮಾಡುವುದಿಲ್ಲ. ಹಾಗಾದರೆ ನೀರು ಬೆರೆಸಿ ನೋಡೋಣ ಅಂದುಕೊಂಡೆ. ಒಂದು ಲೋಟ ಪಾಕ, ಒಂದು ಲೋಟ ನೀರು, ಬಂದದ್ದು 43, ಎರಡರಿಂದ ಗುಣಿಸಿ 86! ಪಾಕ ಹಾಳಾಯಿತು ಅಂತ ಗಾಬರಿಯಲ್ಲಿ ನೀರು ಸುರಿದು ಇನ್ನಷ್ಟು ಹಾಳು ಮಾಡಿದೆ. ಲೋಟದಲ್ಲಿ ಅಳೆದದ್ದೇ ತಪ್ಪು. ಒಂದು ಲೋಟ ಪಾಕ ಒಂದು ಲೋಟ ನೀರಿಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಭಾರ ಇರುತ್ತದೆ, ಇನ್ನೂ ಸ್ವಲ್ಪ ಜಾಸ್ತಿಯೇ. ತೂಗಿ ಬೆರೆಸಬೇಕು. 50 ಗ್ರಾಂ ಪಾಕ, 50 ಗ್ರಾಂ ತಣ್ಣೀರು. ಅದು 37 ತೋರಿಸಿದರೆ ಪಾಕ 74. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿ ನನಗೆ 500 ರೂಪಾಯಿಗೆ ಸಿಕ್ಕಿತು. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷವೂ ಕೊಪ್ಪರಿಗೆ ಕುದಿಯುತ್ತಲೇ ಇರುತ್ತದೆ, ಅದಕ್ಕೆ ಥರ್ಮಾಮೀಟರ್ ಬೇಕು. ಪುಸ್ತಕಗಳಲ್ಲಿ ಕಾಕವಿಗೆ 105ರಿಂದ 106 ಡಿಗ್ರಿ, ಅಚ್ಚು ಬೆಲ್ಲಕ್ಕೆ 118 ಅಂತ ಇದೆ. ನಮ್ಮ ಮುಧೋಳ ಸಮುದ್ರ ಮಟ್ಟದಿಂದ 500 ಮೀಟರಿಗೂ ಮೇಲಿದೆ. ಇಲ್ಲಿ ಬರೀ ನೀರು ಕುದಿಯುವುದೇ 98ರ ಹತ್ತಿರ. ಬೆಳಗಾವಿ ಇನ್ನೂ ಎತ್ತರ, ಅಲ್ಲಿ ಇನ್ನೂ ಅರ್ಧ ಡಿಗ್ರಿ ಕಮ್ಮಿ. ಪುಸ್ತಕದ 106 ಹಿಡಿದು ಕೂತರೆ ಪಾಕ ಮೀರಿಹೋಗುತ್ತದೆ. ಹಂಗಾಮಿನ ಮೊದಲ ದಿನ ಬರೀ ನೀರು ಕುದಿಸಿ, ನನ್ನ ಥರ್ಮಾಮೀಟರ್ ಏನು ಹೇಳುತ್ತದೆ ಅಂತ ಬರೆದುಕೊಳ್ಳುತ್ತೇನೆ. ಅಲ್ಲಿಂದ 6 ಡಿಗ್ರಿ ಮೇಲೆ ನನ್ನ ಕಾಕವಿ. ನನಗೆ ಅದು 104.

ನಮ್ಮಲ್ಲಿ ಪಾಕ ನೋಡುವ ಕಾಕಾ ಇದ್ದಾರೆ. 40 ವರ್ಷದ ಕೈ. ಸೌಟು ಎತ್ತಿ ಎಳೆ ನೋಡಿ, ಗುಳ್ಳೆಯ ಸದ್ದು ಕೇಳಿಯೇ ಹೇಳುತ್ತಾರೆ. ಮೀಟರ್ ತಂದಾಗ ಅವರಿಗೆ ಬೇಜಾರಾಗಿತ್ತು. "ತಮ್ಮಾ, ಬೆಲ್ಲಕ್ಕ ಕಣ್ಣ ಬೇಕು, ಕನ್ನಡಕ ಅಲ್ಲ" ಅಂದರು. ಮೂರು ಕೊಪ್ಪರಿಗೆ ಅವರು ಇಳಿಸುವುದು, ಮೂರು ನಾನು ಇಳಿಸುವುದು ಅಂತ ಆಯಿತು. ನನ್ನವು 74, 73.5, 74. ಅವರವು 71, 77, 74. ಅವರ ಮೊದಲ ಎರಡು ನಸುಕಿನಲ್ಲಿ ಆದದ್ದು, ಚಳಿಯ ಹಬೆಯಲ್ಲಿ ಬಲ್ಬಿನ ಬೆಳಕು. ಹಗಲಲ್ಲಿ ಇಳಿಸಿದ ಮೂರನೆಯದು ನನ್ನಷ್ಟೇ ಕರಾರುವಾಕ್ಕು. ಬರೀ ಕಣ್ಣಿನಿಂದ ಅಷ್ಟು! ಪೆಂಟಿ (ಮುದ್ದೆ) ಬೆಲ್ಲಕ್ಕೆ ಈಗಲೂ ಕಾಕಾನ ಮಾತೇ ಕೊನೆ, ಅಲ್ಲಿ ನಾನು ಮೀಟರ್ ಹಿಡಿಯುವುದಿಲ್ಲ. ಕಾಕವಿಗೆ ಮಾತ್ರ ಅವರೇ ಈಗ "ಎಷ್ಟ ಐತಿ ನೋಡು" ಅನ್ನುತ್ತಾರೆ.

ಲಾಭ ಏನು ಅಂತ ಎಲ್ಲರೂ ಕೇಳುತ್ತಾರೆ. ಮೀಟರ್ ಇಟ್ಟರೆ ಕಾಕವಿ ಹುಟ್ಟುವುದಿಲ್ಲ, ನಿಜ. ಆದರೆ 74ರಲ್ಲಿ ಇಳಿಸಬೇಕಾದ್ದನ್ನು 77ಕ್ಕೆ ಒಯ್ದರೆ ಕೊಪ್ಪರಿಗೆಗೆ 9 ಕೆಜಿ ತೂಕ ಆವಿಯಾಗಿ ಹೋಗುತ್ತದೆ. 80ರಂತೆ 720 ರೂಪಾಯಿ, ಮೇಲೆ ಸಿಪ್ಪೆಯೂ ಸುಡುತ್ತದೆ. ನಾನು ಹಂಗಾಮಿಗೆ 90 ಕೊಪ್ಪರಿಗೆ ಕಾಸುತ್ತೇನೆ. ಮೊದಲು ಮೂರರಲ್ಲಿ ಒಂದಾದರೂ ಹೀಗೆ ಮೀರುತ್ತಿತ್ತು. ಬಾಟಲಿಯದೂ ಇದೆ. 750 ಮಿಲಿ ಬಾಟಲಿ ತುಂಬಿದರೆ ಒಂದು ಕೆಜಿ ಅಂತ ಮಾರುತ್ತಿದ್ದೆವು. 74 ಬ್ರಿಕ್ಸ್‌ನಲ್ಲಿ ಅದು 1 ಕೆಜಿ 30 ಗ್ರಾಂ. 220 ಬಾಟಲಿಗೆ ಆರೂವರೆ ಕೆಜಿ ಪುಕ್ಕಟೆ ಹೋಗುತ್ತಿತ್ತು. ಈಗ ತಕ್ಕಡಿ ಮೇಲಿಟ್ಟೇ ತುಂಬುತ್ತೇವೆ. ಎಲ್ಲ ಸಾಮಾನು, ಒಡೆದದ್ದೂ ಸೇರಿ, ನನಗೆ 10,000ದ ಒಳಗೇ ಖರ್ಚಾಗಿದೆ. ಒಂದೇ ಹಂಗಾಮಿನಲ್ಲಿ ಅದರ ಮೂರು ಪಟ್ಟು ವಾಪಸ್ ಬಂತು.

ಮೀಟರ್ ಕೈಯಲ್ಲಿದ್ದರೆ ಸುಮ್ಮನಿರಲು ಆಗುವುದಿಲ್ಲ. ಕಡಿದ ಕಬ್ಬನ್ನು ಒಂದು, ಎರಡು, ಮೂರು ದಿನ ಇಟ್ಟು ಅರೆದು ನೋಡಿದೆ. ಬ್ರಿಕ್ಸ್ ದಿನಾ ಏರಿತು. ಏರಿತು ಅಂತ ಖುಷಿಪಡಬೇಡಿ. ಕಬ್ಬು ಒಣಗಿ ತೂಕ ಇಳಿದಿರುತ್ತದೆ, ಸಕ್ಕರೆಯೂ ಒಡೆದಿರುತ್ತದೆ. ಮೂರನೇ ದಿನದ ಹಾಲಿನಲ್ಲಿ ಪೆಂಟಿ ಕಟ್ಟಲೇ ಇಲ್ಲ. ಕಾಲುವೆಯ ಕೆಳಗಿನ ಸವಳು ಹೊಲದ ಕಬ್ಬನ್ನೂ ನೋಡಿದೆ. ಬ್ರಿಕ್ಸ್ 19 ತೋರಿಸಿತು, ನಾಲಿಗೆಗೆ ಉಪ್ಪು ಉಪ್ಪು. ಮೀಟರಿಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುವುದಿಲ್ಲ, ಕರಗಿದ್ದನ್ನೆಲ್ಲ ಎಣಿಸುತ್ತದೆ. ಕೋ 86032 ತಳಿಯ ಕಬ್ಬನ್ನು ಹೊಲದಲ್ಲೇ ತುದಿ, ಬುಡ ಎರಡೂ ಕಡೆ ಚುಚ್ಚಿ ನೋಡಿ, ಎರಡೂ ಹತ್ತಿರ ಹತ್ತಿರ ಬಂದ ಮೇಲೆ ಕಡಿಸುವುದು ರೂಢಿಯಾಗಿದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಯುವ ಗೆಳೆಯ ಈ ಮೀಟರನ್ನು ನಾನು ಹುಟ್ಟುವ ಮೊದಲಿಂದಲೂ ಬಳಸಿದವನ ಹಾಗೆ ಬಳಸುತ್ತಾನೆ. ಒಣದ್ರಾಕ್ಷಿಗೆ 20, 22 ದಾಟದೆ ಗೊನೆ ಕೀಳುವುದೇ ಇಲ್ಲ. ಗಾಜು ಒರೆಸಿ ಸ್ವಚ್ಛ ಇಡುವುದನ್ನು ಅವನಿಂದಲೇ ಕಲಿತೆ.

ಅಳಿಯ ಕಳಿಸಿದ ಒಂದು ತೇಲುವ ಯಂತ್ರವೂ ಇದೆ. ತೊಟ್ಟಿಗೆ ಬಿಟ್ಟರೆ ಅದೇ ಓರೆಯಾಗಿ ತೇಲುತ್ತ ಗ್ರ್ಯಾವಿಟಿಯನ್ನು ಮೊಬೈಲಿಗೆ ಕಳಿಸುತ್ತದೆ. ಮುಚ್ಚಿದ ಪಾತ್ರೆಯಲ್ಲಿ ವಾರಗಟ್ಟಲೆ ಸುಮ್ಮನೆ ನಿಲ್ಲುವ ಬಿಯರ್‌ಗೆ ಅದು ಹೇಳಿ ಮಾಡಿಸಿದ್ದು. ನಮ್ಮ ತೊಟ್ಟಿಯ ಮಡ್ಡಿ ನೊರೆಯಲ್ಲಿ ಅದು ಗಂಟೆಗೊಂದು ಮಾತು ಹೇಳಿತು. ತೊಳೆದು ಎತ್ತಿಟ್ಟಿದ್ದೇನೆ.

ಕೊಪ್ಪರಿಗೆಯನ್ನು ಒಮ್ಮೆ ಅಳೆದರೆ ಸಾಲದು. ಈ ಸಲ ದಸರಾ ಮುಗಿದ ಮೇಲೆ ಮತ್ತೆ ಕ್ಯಾನ್ ಹಿಡಿದು ಸುರಿದೆವು. ಒಂದು ಹಂಗಾಮಿನ ಉರಿಗೆ ಹೊಟ್ಟೆ 6 ಮಿ.ಮೀ. ಇನ್ನೂ ಇಳಿದಿತ್ತು, ಮೂರು ಕ್ಯಾನ್ ಹಿಡಿಯುವಲ್ಲಿ ನಾಲ್ಕನೆಯದೂ ಮುಕ್ಕಾಲು ಹಿಡಿಯಿತು. ಸ್ಟೀಲ್ ಪಟ್ಟಿಯ ಇನ್ನೊಂದು ಮುಖಕ್ಕೆ ಹೊಸ ಕಚ್ಚು ಹಾಕಿಸಿದ್ದೇನೆ. ಹಳೆಯ ಕಚ್ಚುಗಳ ಮೇಲೆ ಕೆಂಪು ಬಣ್ಣ ಬಳಿದು, ಈ ಮುಖ ನೋಡಬೇಡ ಅಂತ ಬಾಟಲಿ ತುಂಬುವ ಹುಡುಗನಿಗೆ ಹೇಳಿದ್ದೇನೆ. ಕೋಲು ಇಳಿಸುವ ಕೆಲಸ ಈಗ ಅವನದೇ.